ಆರರ ಗೀಟು

ಗಾಜಿನ ಮೇಜಿನ ಮೇಲೆ ಕರವಸ್ತ್ರದ ಗಂಟು ಬಿಚ್ಚಿ
ಬಸಲಿಂಗ ಹತ್ತೂರೆ ಕೇಳಿದ:
‘ಖರೇ ಬಂಗಾರ ಏನ್ರೀ ಇವು? ಅಜ್ಜ ಹಂಗ ಅಂತಿದ್ದ.’
ಮಿಲ್ಲಿನ ಗಡಿಯಾರ. ಇಪ್ಪತ್ತೈದು ವರ್ಷ
ಮಗ್ಗದ ಮುಂದೆ ನಿಂತವನಿಗೆ
ಸಾಹೇಬರು ತಾವೇ ಕಟ್ಟಿದ್ದು.
ಹೊರಗೆ ಮಂಗಳವಾರ ಪೇಠೆಯ ಬಿಸಿಲು
ಚಾದರದ ಗಂಟುಗಳ ಮೇಲೆ ಕೂತಿತ್ತು.

ಮುಳ್ಳು ಎತ್ತಿದೆ, ಡಯಲ್ ಕಳಚಿದೆ,
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೆ.

ಹನ್ನೆರಡು ಗೀಟು. ಎಳ್ಳಿನ ಅರ್ಧ ಅಗಲ.
ಒರೆಗಲ್ಲಿಗೆ ಹಚ್ಚುವ ಹಾಗಿಲ್ಲ,
ತಿಕ್ಕಿದರೆ ಉತ್ತರ ಉಳಿದೀತು, ಗೀಟು ಉಳಿಯದು.
ನೋಡಬೇಕು, ಬರೀ ನೋಡಬೇಕು.

ಹಳದಿಯ ಕೆಳಗೆ ಬೆಳ್ಳಿಯಿದ್ದರೆ
ಅಂಚಿನಲ್ಲಿ ಕಪ್ಪು ಒಸರಬೇಕಿತ್ತು,
ಹಬ್ಬ ಬಂದರೂ ತೊಳೆಯದ ಕಾಲುಂಗುರದ ಹಾಗೆ.
ಉಕ್ಕಿದ್ದರೆ ಕಾಂತ ತಂದಾಗ
ತುಸುವಾದರೂ ಮಿಸುಕಬೇಕಿತ್ತು.
ಒಂದರ ಮೂಲೆಯಲ್ಲಿ, ಬಂಗಾರದ ನೀರು ಸವೆದಲ್ಲಿ,
ಕೂದಲೆಳೆ ಹಸಿರು: ಕಿಲುಬು.
ಹಿತ್ತಾಳೆ ತನ್ನ ಹೆಸರು ತಾನೇ ಹೇಳುತ್ತದೆ,
ಬೆವರು ಕುಡಿದಷ್ಟೂ ಬೇಗ.
ಎರಡು. ಮೂರು, ನಾಲ್ಕು, ಐದು. ಹಿತ್ತಾಳೆ.

ಆರರಲ್ಲಿ ಚಿಮಟ ನಿಂತಿತು.
ಕಿಲುಬಿಲ್ಲ. ಗೀರಿನ ಒಳಗೂ ಹೊರಗಿನದೇ ಬಣ್ಣ.
ಅಂಚು ಯಂತ್ರದ್ದಲ್ಲ, ಯಾರೋ ಅರ ಹಿಡಿದು ಉಜ್ಜಿದ್ದು,
ಕೊನೆಕೊನೆಗೆ ಅವಸರದಲ್ಲಿ.
ಉಳಿದ ಆರೂ ಮತ್ತೆ ಹಿತ್ತಾಳೆ.

ಡಯಲ್ ಬೋರಲು ಹಾಕಿದೆ.
ಸೂಜಿಯಲ್ಲಿ ಗೀಚಿದ ಸಾಲು. ಅಪ್ಪನ ಕೈ.
ಮರಾಠಿ ಶಾಲೆಯಲ್ಲಿ ಕಲಿತವನು,
ಕನ್ನಡ ಬರೆದರೂ ಮೇಲೊಂದು ತಲೆಗೆರೆ ಎಳೆಯುತ್ತಿದ್ದ:
‘ಗಾಜು ಒಡೆದು ೬ ಹೋಗಿತ್ತು. ಸುಗಲಾಬಾಯಿ ಮೂಗುತಿ.
ಯಜಮಾನ್ರಿಗೆ ಹೇಳಬ್ಯಾಡ್ರಿ ಅಂದಾರ.’

ಆರು ಅಂದರೆ ಭೋಂಗಾ.
ಆರು ಅಂದರೆ ಗೇಟು ಮುಚ್ಚುವ ಹೊತ್ತು.
ಆ ಒಂದು ಗೀಟಿಲ್ಲದೆ ಹೇಗೆ ಹೋದಾನು ಕೆಲಸಕ್ಕೆ
ಎಂದುಕೊಂಡಳೋ, ಬಯ್ಗುಳಕ್ಕೆ ಅಂಜಿದಳೋ,
ಲೋಹ ನೋಡುವ ಗಾಜಿಗೆ ಅದು ಕಾಣುವುದಿಲ್ಲ.

‘ಏನಾತ್ರೀ?’ ಅಂದ.
ಹನ್ನೊಂದು ಹಿತ್ತಾಳೆ ಅಂದೆ,
ಇನ್ನೊಂದಕ್ಕೆ ಭೂತಗನ್ನಡಿ ಅವನ ಕೈಗಿಟ್ಟೆ.
ಬಹಳ ಹೊತ್ತು ಬಗ್ಗಿದವನು ತಲೆ ಎತ್ತದೆ ಹೇಳಿದ:
‘ಅಜ್ಜಿ ಮೂಗಿನ ತೂತಿನ್ಯಾಗ ಬೇವಿನ ಕಡ್ಡಿ ಇರ್ತಿತ್ತು.
ನಾವು ಹುಡುಗರೆಲ್ಲ ನಗತಿದ್ವಿ.’

ದರ ಕೇಳಲಿಲ್ಲ. ಚಹಾ ತರಿಸಿದೆ, ಆರಿತು.

ಮುಚ್ಚುವ ಮೊದಲು ಅಪ್ಪನ ಸಾಲಿನ ಕೆಳಗೆ
ನಾನೂ ಸೂಜಿ ಹಿಡಿದೆ: ‘ಮೊಮ್ಮಗ ನೋಡಿದ.’
ತಲೆಗೆರೆ ಎಳೆಯಲಿಲ್ಲ,
ಜಾಗ ಸಾಲದಾಗಿತ್ತು.