ಸಿಂಗಲ್ಲಾ, ಡಬಲ್ಲಾ?

ಮೊದಲ ಮಳೆ ಬಿದ್ದ ಬೆಳಿಗ್ಗೆ
ಗುತ್ತಲು ರಸ್ತೆಯ ನನ್ನ ಪಂಚರ್ ಅಂಗಡಿ ಮುಂದೆ
ಗಾಡಿಗಳ ಸಾಲು.
ಎಲ್ಲರದೂ ಒಂದೇ ಮಾತು,
"ಮಳೆ ಸುರುವಾಯ್ತು ಕಣಕ್ಕ, ಒಸಿ ಗಾಳಿ ಇಳಿಸು."

ಇಳಿಸಲ್ಲ.
ಯಾವ ಪುಣ್ಯಾತ್ಮ ಹೇಳಿಕೊಟ್ಟನೋ ಈ ಊರಿಗೆ,
ಟೈರು ಮೆತ್ತಗಿದ್ದರೆ ರೋಡು ತಬ್ಬಿಕೊಳ್ಳುತ್ತೆ ಅಂತ.
ಮೆತ್ತಗಿನ ಟೈರು ತೇಲುತ್ತೆ ಕಣಪ್ಪ,
ನಾಲೆಗೆ ಎಸೆದ ಬಾಳೆದಿಂಡಿನ ಹಾಗೆ.
ಬಿಗಿಯಾಗಿರಬೇಕು. ಗೀರುಗಳು ಬಾಯಿ ಬಿಟ್ಟುಕೊಂಡು
ಸಿಕ್ಕ ನೀರನ್ನ ಪಕ್ಕಕ್ಕೆ ಉಗುಳುತ್ತಿರಬೇಕು.
ಅದೂ ಈ ರೋಡು:
ಲಾರಿ ಸೋರಿದ ಎಣ್ಣೆ, ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬಿನ ಸೋಗೆ,
ಆರು ತಿಂಗಳಿಂದ ತುಳಿಸಿಕೊಂಡದ್ದೆಲ್ಲ
ಒಂದು ಹದ ಮಳೆಗೆ ಲೋಳೆಸರ.

"ಕಂಪನಿಯವರು ಬರೆದಷ್ಟು. ಒಂದು ಪಾಯಿಂಟು ಹೆಚ್ಚಾದರೂ ಆಗಲಿ,
ಕಮ್ಮಿ ಬೇಡ."
ಹೇಳಿ ಹೇಳಿ ನನ್ನ ಗಂಟಲಲ್ಲೇ ಗಾಳಿ ಇಳಿದಿದೆ.
ನನಗೆ ಗಾಡಿ ಓಡಿಸೋಕೆ ಬರಲ್ಲ, ಆ ಮಾತು ಬೇರೆ.

ಮುಂದಿನ ಚಕ್ರ ಸುಲಭ, ಇಪ್ಪತ್ತೈದು.
ಹಿಂದಿನದಕ್ಕೆ ಕೂತಾಗ ಕೇಳಲೇಬೇಕು,
ಸಿಂಗಲ್ಲಾ, ಡಬಲ್ಲಾ?

ಕಳೆದ ವಾರ ಮದುವೆಯಾದ ಬಂಕಿನ ಹುಡುಗ
ಡಬಲ್ ಅಂದ, ಕಿವಿ ಕೆಂಪಾಯ್ತು.
"ಎರಡು ಕ್ಯಾನು ಹಾಲು ಕಟ್ಟಿದರೆ ಯಾವ ಲೆಕ್ಕ?"
ಅನ್ನೋದು ಜವರಪ್ಪನ ಹಳೇ ತಕರಾರು.
ಒಬ್ಬೊಬ್ಬರ ಮನೆ ವಿಷಯ ಆ ಮುಳ್ಳಿಗೆ ಗೊತ್ತು.
ನಾನು ಮುಳ್ಳನ್ನಷ್ಟೇ ನೋಡ್ತೀನಿ.

ಹತ್ತು ಗಂಟೆಗೆ ಫಿಟ್ಟರ್ ಮರಿಲಿಂಗಯ್ಯ ಬಂದರು.
ಒಂಬತ್ತು ಮಳೆಗಾಲದಿಂದ ಅವರದು ಡಬಲ್.
ಹಿಂದೆ ಮಗಳು ಸಿಂಚನ,
ಮೊದಲು ನೀರಿನ ಬಾಟಲಿ ನೇತಾಡಿಸಿಕೊಂಡು,
ಆಮೇಲೆ ಡ್ರಾಯಿಂಗ್ ಬೋರ್ಡು ಗುರಾಣಿಯ ಹಾಗೆ ಹಿಡಿದು.
ಮೂವತ್ತಮೂರು ತುಂಬಿ ಕಳಿಸ್ತಿದ್ದೆ, ಕೇಳದೆಯೇ.
ಇವತ್ತೂ ತುಂಬಿದೆ.

ಅವರು ಖಾಲಿ ಸೀಟು ಒರೆಸುತ್ತಾ ಅಂದರು,
"ಸಿಂಗಲ್ ಮಾಡಮ್ಮ.
ಸೋಮವಾರ ಅವಳಿಗೆ ಸ್ಕೂಟಿ ಬಂತು."

ಮಳೆಗೆ ಇಳಿಸಲ್ಲ ಅಂದವಳು
ಅವರಿಗೆ ಇಳಿಸಿದೆ, ನಾಲ್ಕು ಪಾಯಿಂಟು.
ಏನು ಮಹಾ, ಒಂದು ಕೆಮ್ಮಿನಷ್ಟು ಹೊತ್ತು.
ಸುಸ್ಸ್ ಅನ್ನೋ ಆ ಸದ್ದು ನಿಲ್ಲೋತನಕ
ಅವರು ಕಾರ್ಖಾನೆ ಚಿಮಣಿಯ ಕಡೆ ನೋಡ್ತಾ ನಿಂತಿದ್ದರು.

ಆಮೇಲೆ ಕೇಳಿದರು, ಏನೋ ಬೋಲ್ಟಿನ ರೇಟು ಕೇಳುವ ಹಾಗೆ,
"ಸ್ಕೂಟಿಗೆ ಎಷ್ಟು?"
ಹೇಳಿದೆ. ಫೋನ್ ನಂಬರಿನಂತೆ ಎರಡು ಸಲ ಬಾಯಲ್ಲೇ ಅಂದುಕೊಂಡರು.
"ಫ್ರೆಂಡ್ಸು ಗಾಳಿ ಇಳಿಸು ಅಂದವ್ರಂತೆ ಕಣಮ್ಮ.
ನಾನು ಬೇಡ ಅಂದರೆ ಇನ್ನೂ ಇಳಿಸ್ತಾಳೆ."

ಡಬ್ಬಿಯ ತಳದಲ್ಲಿ ನನ್ನ ಹಳೇ ಪೆನ್ಸಿಲ್ ಗೇಜಿತ್ತು.
ಕಣ್ಣು ಬಿತ್ತು ಅವರಿಗೆ. ಕೊಟ್ಟೆ.
ದುಡ್ಡು ಬೇಡ ಅಂದರೂ ಐವತ್ತು ಇಟ್ಟರು.

"ಟೈರು ತಣ್ಣಗಿರುವಾಗ ಅಳೀಬೇಕು.
ಓಡಿ ಬಂದ ಮೇಲೆ ಅಳೆದರೆ ಸುಳ್ಳು ಹೇಳುತ್ತೆ."

"ನಂಗೊತ್ತು ಬುಡು.
ಅವಳು ಏಳೋದು ಏಳಕ್ಕೆ."

ಹೊರಟರು. ಉಬ್ಬು ಬಂದಾಗ
ಹಳೇ ರೂಢಿ, ಗಾಡಿಯನ್ನ ನಿಲ್ಲುವಷ್ಟು ನಿಧಾನ ಮಾಡಿ
ಒಂದು ಕೈ ಹಿಂದಕ್ಕೆ ಕೊಟ್ಟರು.
ಹಗುರ ಚಕ್ರ ಪಣ್ಣನೆ ನೆಗೆಯಿತು.

"ಅಕ್ಕೋ," ಅಂದ ಸಾಲಿನಲ್ಲಿದ್ದವನು,
"ಮಳೆ ಮತ್ತೆ ಬತ್ತಾ ಐತೆ. ಒಸಿ ಇಳಿಸು."