ಮನೆ ನಂಬರ್ ೧೨೩ ಡಿ

ಅಶೋಕ ರಸ್ತೆಯ ಗೇಟು ಬಿದ್ದಾಗಲೇ
ನಮ್ಮ ಅಂಗಡಿಗೆ ಗಿರಾಕಿ ಜಾಸ್ತಿ.
ಬೈಕು ಆಫ್ ಮಾಡಿ ನಿಂತವರಿಗೆ ನೆನಪಾಗುತ್ತದೆ
ಜೆರಾಕ್ಸು, ಲ್ಯಾಮಿನೇಷನ್ನು, ಗೃಹಪ್ರವೇಶದ ಕಾರ್ಡು.
ಹಬ್ತಾಮು ಬಂದದ್ದೂ ಹಾಗೇ, ಗೂಡ್ಸು ದಾಟುವಷ್ಟರಲ್ಲಿ,
ಪೆನ್‌ಡ್ರೈವನ್ನು ತಾಯಿತದಂತೆ ಕೊರಳಿಗೆ ಕಟ್ಟಿಕೊಂಡು.

ಇನ್ನೂರ ಹನ್ನೆರಡು ಪುಟ,
ಮೆಕ್ಕೆಜೋಳ ತಿನ್ನುವ ಸೈನಿಕ ಹುಳುವಿನ ಮೇಲೆ.
"ನಿಮ್ಮ ಆನಗೋಡಿನ ಹುಳು, ನಮ್ಮ ಗೊಜ್ಜಾಮಿನ ಹುಳು
ಒಂದೇ ಅಕ್ಕಾ. ಅದಕ್ಕೆ ವೀಸಾ ಬೇಡ."
ಅವನು ಕಲಿತ ಕನ್ನಡವೆಲ್ಲ ಹೊಲದ್ದು:
ಬದು, ಸುಳಿ, ಔಷಧಿ ಹೊಡಿ.

ಉಳಿದದ್ದೆಲ್ಲ ಇಂಗ್ಲಿಷು. ಅರ್ಪಣೆಯ ಹಾಳೆಯಲ್ಲಿ ಮಾತ್ರ
ಐದು ಅಕ್ಷರ ಅವರದು. ಅವ್ವನ ಹೆಸರು.
ತೆರೆದು ನೋಡಿದರೆ ನಾಲ್ಕು ನಿಂತಿವೆ,
ಐದನೆಯದರ ಜಾಗದಲ್ಲಿ ಖಾಲಿ ಡಬ್ಬಿ,
ಹುಳು ಹೊಕ್ಕ ಎಲೆಯಲ್ಲಿ ಚೌಕದ ತೂತು.

ಈ ಡಬ್ಬಿ ನನಗೆ ಹಳೇ ಪರಿಚಯ.
ಫಾಂಟು ಬದಲಾದ ವರ್ಷ ನಮ್ಮ ಒತ್ತಕ್ಷರಗಳೂ
ಹೀಗೇ ಬೀದಿಗೆ ಬಿದ್ದಿದ್ದವು.
ಯಾರದೋ ಶಿವಗಣಾರಾಧನೆಯ ಕಾರ್ಡಿನಲ್ಲಿ
ಲಿಂಗೈಕ್ಯದ ಕ್ಯ ಹೋಗಿ
ಐನೂರೂ ವಾಪಸು ಮೇಜಿನ ಮೇಲೆ:
"ನಮ್ಮಪ್ಪ ಅರ್ಧಕ್ಕೇ ನಿಂತ್ನೇನಮ್ಮಾ?"

ಆದರೂ ಅಂದೆ: ಒಂದಕ್ಷರ ತಾನೆ,
ನಾಲ್ಕರಲ್ಲೇ ಗೊತ್ತಾಗುತ್ತೆ ಬಿಡು.
ಅವನು ಬಿಡಲಿಲ್ಲ. ಬಿಲ್ ಪುಸ್ತಕದ ಹಿಂದೆ ಬರೆದ.
ವೊರ್ಕ್.
ಕೆಲಸ ಅಂತಲ್ಲವಾ?
ಅಲ್ಲ, ಚಿನ್ನ. ನೆಶ್ ಅಂದರೆ ಇದ್ದೀಯ,
ನೀನು, ಅದೂ ಹೆಣ್ಣುಮಗಳು.
ಎದುರಿಗೆ ಕೂತು ಅಂದ ಹಾಗೆ, ಚಿನ್ನ ಕಣೇ ನೀನು.
ಕೊನೆಯದು ಬಿದ್ದರೆ
ಚಿನ್ನ ಇರುತ್ತೆ ಅಕ್ಕಾ. ನೀನು ಇರಲ್ಲ.

ನಾನು ಕೀಲಿಮಣೆಯಿಂದ ಕೈ ತೆಗೆದೆ.
'ಹೋದಳು' ಅನ್ನುವುದರ ಬಾಲದ ಳು ಬಗ್ಗೆ
ಇಪ್ಪತ್ತು ವರ್ಷ ಟೈಪು ಹೊಡೆದೂ ಯೋಚಿಸಿರಲಿಲ್ಲ.
ಅಷ್ಟು ದೊಡ್ಡ ಹೋಗುವಿಕೆಯಲ್ಲಿ
ನಮ್ಮವ್ವ ಇರುವುದು ಅಷ್ಟೇ ಜಾಗದಲ್ಲಿ.

ಹುಡುಕಿದೆವು.
ಲೋಕದ ಅಕ್ಷರಗಳಿಗೆಲ್ಲ ನಂಬರು ಕೊಟ್ಟ
ಉದ್ದನೆಯ ಪಟ್ಟಿಯಲ್ಲಿ ಅವರ ಬಡಾವಣೆ ಸಿಕ್ಕಿತು.
ನಮ್ಮಲ್ಲಿ ಶ ಒಂದೇ ಮನೆ. ಗುಡಿಸು, ಕೊಂಬು, ಏತ್ವ
ಬಾಡಿಗೆಗೆ ಬಂದು ಹೋಗುತ್ತವೆ;
ಬರೀ ಶ್ ಅನ್ನಬೇಕಾದರೂ ಎರಡು ನಂಬರು,
ಎರಡನೆಯದು ಸ್ವರದ ಕತ್ತು ಹಿಸುಕಲು.
ಅವರಲ್ಲಿ ಶ, ಶು, ಶಿ, ಶಾ, ಏಳು ಜನಕ್ಕೂ
ಬೇರೆ ಬೇರೆ ಬಾಗಿಲು, ಸಾಲಾಗಿ.
ಆರನೆಯದು, ಉಸಿರು ಬಿಟ್ಟೂ ಬಿಡದ ಶ್:
೧೨೩ ಡಿ.
ಕೆ.ಟಿ.ಜೆ. ನಗರದ ಮನೆ ನಂಬರಿನ ಹಾಗಿದೆಯಲ್ಲೋ ಅಂದೆ.

ಮನೆ ಇತ್ತು. ನಂಬರೂ ಇತ್ತು.
ನನ್ನ ಹಳೇ ಫಾಂಟಿನವನು ನಾಲ್ಕು ಗೋಡೆ ಎಬ್ಬಿಸಿ
ಯಾರನ್ನೂ ಒಳಗೆ ಇಳಿಸಿರಲಿಲ್ಲ.

ಹೊಸದು ಇಳಿಯುವಾಗ ನೆಟ್ಟು ನಿಂತಿತು.
ಗೇಟು ಮತ್ತೊಮ್ಮೆ ಬಿತ್ತು.
ಮಿರ್ಚಿ ತರಿಸಿದೆ, ನಿಮ್ಮದಕ್ಕೆ ಖಾರ ಸಾಲದು ಅಂದ.
ಆಮೇಲೆ, ಯಾರೂ ನೋಡದಿದ್ದಾಗ,
ಡಬ್ಬಿ ಇದ್ದಲ್ಲಿ
ತಲೆ ಮೇಲೊಂದು ಅಡ್ಡಗೆರೆ (ತಲೆಕಟ್ಟು ಅವರಿಗೂ ಉಂಟು),
ಕೆಳಗೆ ಊರಿದ ಕಾಲು,
ಹೊರೆ ಹೊತ್ತು ಬಂದವಳು ಹೊಸ್ತಿಲಲ್ಲಿ ನಿಂತ ಹಾಗೆ

ሽ

ನಿಮ್ಮ ಹಾಳೆಯಲ್ಲಿ ಇಲ್ಲಿ ಡಬ್ಬಿಯೇ ಕಂಡರೆ
ವಿಳಾಸ ತಪ್ಪಿಲ್ಲ, ತಟ್ಟಿ ನೋಡಿ.

ಹಬ್ತಾಮು ಏನೂ ಅನ್ನಲಿಲ್ಲ.
ಪರದೆ ಮೇಲಿನ ಎಣ್ಣೆಯ ಬೆರಳಚ್ಚು
ತೋಳಿನಿಂದ ಒರೆಸಿದ, ಅಷ್ಟು ಜಾಗದಲ್ಲಿ ಮಾತ್ರ.

ಸಂಜೆ ಬಿಲ್ಲು ಬರೆಯುತ್ತ ಹಾಲಸ್ವಾಮಿಯವರು ಕೇಳಿದರು,
ಆರು ಪ್ರತಿಗೆ ಇಷ್ಟೊತ್ತು ಯಾಕಾಯ್ತು?
ಒಂದು ಮನೆ ಹುಡುಕ್ತಿದ್ವಿ ಅಂದೆ.
ಸಿಕ್ತಾ?
ಸಿಕ್ತು. ಮನೇಲೇ ಇದ್ರು.