ಹೊಸ್ತಿಲ ಈಚೆ

ಡೊಕ್ಕುಮ್ ದಾಟಿ, ಏರಿಯ ಮೇಲೆ ಎದುರುಗಾಳಿಗೆ ಸೈಕಲ್ ತುಳಿದು
ಫ್ರೌಕ್ಯೆ ಅಜ್ಜಿಯ ಕೊಟ್ಟಿಗೆ ಮುಟ್ಟಿದಾಗ ಹನ್ನೊಂದು ಗಂಟೆ.
ತುಟಿಯ ಮೇಲೆ ಕಡಲಿನ ಉಪ್ಪು.
ಏಳು ಮರಿ, ಹುಲ್ಲಿನ ಮೇಲೆ
ಕಪ್ಪು ಬಿಳಿ ಕಲಸಿ ಚೆಲ್ಲಿದ ಹಾಗೆ.

ಹಿಲ್ಕೆಯ ಜೇಬಲ್ಲಿ ದಾರಕ್ಕೆ ಕಟ್ಟಿದ ಬಾತಿನ ರೆಕ್ಕೆ.
ನನ್ನ ಜೇಬಲ್ಲಿ ನಿಂಕೆಯ ಒಂದು ಕೈಗವಸು.
(ಇನ್ನೊಂದು ಎಲ್ಲೋ ಕಳೆದಿದೆ; ಆ ಜಗಳ ಈಗ ಬೇಡ.)

"ಒಂದೇ ನಾಯಿ ಸಾಕಲು ಆಗೋದು ನಮಗೆ" ಅಂದ ಹಿಲ್ಕೆ.
"ಜೊಂಡಿನೊಳಗೆ ಬಾತು ಹುಡುಕಬೇಕು, ತಣ್ಣೀರಿಗೆ ಹಾರಬೇಕು,
ಹಸು ಮೇಯುವಲ್ಲಿ ಮಣ್ಣಿಲಿ ಅಗೆದು ಹಿಡಿಯಬೇಕು,
ಗುಂಡಿನ ಸದ್ದಿಗೆ ಬೆಚ್ಚಬಾರದು."
"ಮಗು ಚೀರಿದರೂ ಬೆಚ್ಚಬಾರದು" ಅಂದೆ ನಾನು.
ಅಜ್ಜಿಗೆ ನಗು. "ಅಳಿಯನನ್ನು ಹುಡುಕಿ ಬಂದವರ ಹಾಗಿದೆ."

ರೆಕ್ಕೆ ಹುಲ್ಲಿನ ಮೇಲೆ ಸರಿಯಿತು.
ಕಿವಿಗೆ ಚುಕ್ಕೆಯಿದ್ದ ಗಂಡುಮರಿ ಥಟ್ಟನೆ ನಿಂತಿತು,
ಒಂದು ಮುಂಗಾಲು ಗಾಳಿಯಲ್ಲಿ, ಬಾಲ ಕಡ್ಡಿ,
ಎಂಟೇ ವಾರದ ಮೈಯಲ್ಲಿ
ಎಷ್ಟೋ ತಲೆಮಾರಿನ ಮೌನ.
"ಇದೇ" ಅಂದ ಹಿಲ್ಕೆ, ಉಸಿರಲ್ಲೇ.
ಆಮೇಲೆ ಅದು ಕಚ್ಚಿತು. ಬಿಡಲಿಲ್ಲ.
ರೆಕ್ಕೆ ಹರಿದು ಎರಡಾದರೂ ಬಿಡಲಿಲ್ಲ.
ಅಜ್ಜಿ ಹೆಬ್ಬೆರಳು ತೂರಿಸಿ ದವಡೆ ಬಿಡಿಸಬೇಕಾಯಿತು.

ಬಿಡದ ಬಾಯಿ ನನಗೆ ಗೊತ್ತು.
ನನ್ನಪ್ಪ ಸೀಮೆಗೇ ಹೆಸರಾದ ಬೇಟೆಗಾರ.
ಬಡವರ ಬಾಗಿಲಿಗೆ ಜೋಡಿ ಬಾತು ತೂಗುಹಾಕಿ
ಹೇಳದೆ ಬರುತ್ತಿದ್ದ. ಊರಿಗೆ ಉಪಕಾರಿ.
ಗಾದೆಯ ಉಳಿದರ್ಧ ನಮ್ಮ ಮನೆಯೊಳಗಿತ್ತು.
ಕೋವಿ ಗೂಟಕ್ಕೇರಿದ ಮೇಲೂ
ಮೈಯಿಂದ ಬೇಟೆ ಇಳಿಯುತ್ತಿರಲಿಲ್ಲ ಅವನಿಗೆ;
ಬೂಟಿನ ಸದ್ದಿಗೆ ಅಮ್ಮನ ಸೌಟು ನಡುವೆಯೇ ನಿಲ್ಲುತ್ತಿತ್ತು.
ನಾವು ಮೂವರು ಮೇಜಿನ ಕೆಳಗೆ
ಜೊಂಡಿನ ಹಕ್ಕಿಗಳು, ಉಸಿರು ಹಿಡಿದು.

ಇದೆಲ್ಲ ಹೇಳಲಿಲ್ಲ.
"ಸ್ವಲ್ಪ ತಾಳು" ಅಂದೆ, ಅಷ್ಟೇ.

ಹಿಂಬಾಗಿಲಿಂದ ತಾಯಿನಾಯಿ ಡೋಬ ಬಂದಳು,
ಕಾಲುವೆಯಿಂದ ನೇರ, ಹೊಟ್ಟೆಯ ತನಕ ಕೆಸರು,
ಬಾಯಲ್ಲಿ ಎಲ್ಲಿಂದಲೋ ಎತ್ತಿ ತಂದ ಕೋಳಿಮೊಟ್ಟೆ.
ಅಜ್ಜಿ ಕೈ ಚಾಚಿದಳು. ಮೊಟ್ಟೆ ಕೈಗಿಳಿಯಿತು,
ಜೊಲ್ಲು ಮೆತ್ತಿದ್ದು, ಬೆಚ್ಚಗಿದ್ದದ್ದು, ಬಿರುಕಿಲ್ಲದ್ದು.
"ಬೆಳಿಗ್ಗೆ ನೀರುಹೆಗ್ಗಣದ ಬೆನ್ನು ಮುರಿದದ್ದೂ ಇದೇ ಬಾಯಿ.
ಹಲ್ಲು ಯಾವ ನಾಯಿಗಿಲ್ಲ?
ಎಲ್ಲಿ ಬಳಸಬಾರದು ಅನ್ನೋದು ರಕ್ತದಲ್ಲಿ ಬರಬೇಕು,
ಇಲ್ಲ, ಯಾರಾದರೂ ಕೂತು ಕಲಿಸಬೇಕು."

ನಾನು ಕೈಗವಸು ನೆಲಕ್ಕಿಟ್ಟೆ.
ಚುಕ್ಕೆಕಿವಿ ಎಳೆದು ಒದರಿ ಬಿಸಾಡಿತು. ಉಳಿದವು ಮೂಸಿ ಹೋದವು.
ಅಷ್ಟು ಹೊತ್ತೂ ಗೋಡೆಗಾತು ಕೂತು
ರೆಕ್ಕೆಯನ್ನು ಕಣ್ಣಲ್ಲೇ ಅಟ್ಟಿದ್ದ ಹೆಣ್ಣುಮರಿಯೊಂದು ಎದ್ದು,
ಆಕಳಿಸಿ, ಕವಸನ್ನು ತುಟಿಯಂಚಲ್ಲಿ ಎತ್ತಿ,
ಒಂದು ಸುತ್ತು ತಿರುಗಿ,
ಹಿಲ್ಕೆಯ ಬೂಟಿನ ಮೇಲೆ ಇಟ್ಟಿತು.

ಹಿಲ್ಕೆ ಮಂಡಿಯೂರಿದ.
ನಿನ್ನೆ ಸಂಜೆ ಬಾತಿನ ಕುತ್ತಿಗೆ ತಿರುವಿದ ಕೈ,
ಸೋಪಿನಲ್ಲಿ ಎರಡು ಸಲ ತೊಳೆದು
ನಿಂಕೆಗೆ ಜಡೆ ಹೆಣೆದ ಕೈ,
ಮರಿಯ ಹೊಟ್ಟೆಯಡಿಗೆ ಮೆಲ್ಲಗೆ ಹೋಯಿತು.
ಈ ಕೈಯನ್ನು ಆರಿಸಿದವಳು ನಾನೇ.
ಆಗ ಯಾವ ಮೊಟ್ಟೆಯನ್ನೂ ಇಟ್ಟು ನೋಡಿರಲಿಲ್ಲ.
ಜಾಣತನವಲ್ಲ ಅದು, ಬರೀ ಅದೃಷ್ಟ.

ವಿಪ್ಕೆಗೆ ಇದು ಮೂರನೆಯ ಚಳಿಗಾಲ.
ಮಂಜುಗಟ್ಟಿದ ಕಾಲುವೆಗೆ ಇಳಿಯಲು ಇವತ್ತಿಗೂ ಮೀನಮೇಷ;
ಹಿಲ್ಕೆ ಗೊಣಗುತ್ತಾನೆ, "ಚುಕ್ಕೆಕಿವಿಯಾಗಿದ್ದರೆ..."
ಆದರೂ ಸೈಕಲ್ಲಿನ ಮುಂಬುಟ್ಟಿಯಲ್ಲಿ ಅವಳನ್ನೇ ಕೂರಿಸಿಕೊಂಡು
ಮಣ್ಣಿಲಿಯ ಗುಪ್ಪೆ ಎಣಿಸುತ್ತ ಹೋಗುತ್ತಾನೆ.

ಕತ್ತಲಾದ ಮೇಲೆ ಬರುತ್ತಾರೆ ಇಬ್ಬರೂ.
ಹೊಸ್ತಿಲ ಆಚೆ ನಿಂತು ವಿಪ್ಕೆ ಮೈ ಕೊಡವುತ್ತಾಳೆ,
ಮೂಗಿನಿಂದ ಬಾಲದ ತುದಿಯ ತನಕ,
ನೀರು, ಜೊಂಡು, ರಕ್ತದ ವಾಸನೆ, ಇಡೀ ದಿನ.
ಆಮೇಲೆ ಒಳಗೆ ಬಂದು, ಮೇಜಿನ ಕೆಳಗೆ ನುಸುಳುತ್ತಾಳೆ.

ಅಲ್ಲಿ ನಿಂಕೆ ಗಟ್ಟಿಯಾಗಿ ನಗುತ್ತಾಳೆ.
ನನ್ನ ಸೌಟು ತಿರುಗುತ್ತಲೇ ಇರುತ್ತದೆ.